ಸರ್ವಿಸ್ ಮಾಡ್ಸಿದ ಬೈಕಿನ ಮೊದಲ ಇಪ್ಪತ್ತು ಮಾರು

ಹೋದ ಶನಿವಾರ ಸಂಜೆ ಐದೂವರೆಗೆ ಸರ್ವಿಸ್ ಸೆಂಟರಿಂದ ಫೋನ್ ಬಂತು, "ಸರ್ ನಿಮ್ಮ ಗಾಡಿ ರೆಡಿ ಆಗದೆ, ಆರು ಗಂಟೆ ಒಳಗೆ ಬನ್ನಿ, ಆಮೇಲೆ ಬಂದ್ ಮಾಡ್ತೇವೆ" ಅಂತ. ಶಿರಸಿ ಪೇಟೆಲಿ ಆ ಹೊತ್ತಿಗೆ ಆಟೋ ಸಿಗೋದೇ ಕಷ್ಟ, ಅಂತೂ ಓಡ್ಕೊಂಡು ಹೋಗಿ ಮುಟ್ಟೋ ಹೊತ್ತಿಗೆ ಅರ್ಧ ಶಟರ್ ಎಳೆದಾಗಿತ್ತು. ಗಾಡಿ ಹೊರಗೆ ನಿಲ್ಲಿಸಿದ್ರು, ಹೊಸದಾಗಿ ಮದುವೆ ಆದವನ ಹಂಗೆ ಮಿರಮಿರ ಮಿಂಚ್ತಾ ಇತ್ತು. ಬಿಲ್ ಕೊಟ್ರು, ಮುಂದಿನ ಡಿಸ್ಕ್ ಪ್ಯಾಡ್ ಹೊಸದು, ಇಂಜಿನ್ ಆಯಿಲ್, ಏರ್ ಫಿಲ್ಟರ್, ಚೈನ್ ಟೈಟ್, ವಾಟರ್ ವಾಷ್. ದುಡ್ಡು ಕೊಟ್ಟೆ, ಕಿಕ್ ಹೊಡೆದೆ, ಹೊರಟೆ.

ಗೇಟಿನ ಹತ್ರ ರಸ್ತೆಗೆ ಇಳಿಯೋಕೆ ಒಂದು ಸಣ್ಣ ಇಳಿಜಾರು ಇದೆ. ಇಪ್ಪತ್ತು ಮಾರು ಇರಬಹುದು ಅಷ್ಟೆ. ಅಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಲಿವರ್ ಹೋಗಿ ಹಿಡಿಕೆಗೇ ಅಂಟ್ಕಂತು! ಹಣ್ಣಾದ ಬಾಳೆಹಣ್ಣು ಹಿಚುಕಿದ ಹಂಗೆ, ಒಳಗೆ ಏನೂ ಇಲ್ಲ. ಎದುರಿಗೆ ಆಟೋ ನಿಂತಿತ್ತು. ಕಾಲಿನ ಬ್ರೇಕ್ ತುಳಿದೆ, ಅದು ಪುಣ್ಯಕ್ಕೆ ಹಿಡೀತು, ಆಟೋಗೂ ನನಗೂ ಮಧ್ಯೆ ಎರಡು ಗೇಣು ಉಳೀತು. ಆಟೋದವರು ಹಿಂದೆ ತಿರುಗಿ ಒಂದು ನೋಟ ನೋಡಿದ್ರು, ಏನೂ ಹೇಳಲಿಲ್ಲ, ಅದೇ ಬೈದಿದ್ದಕ್ಕಿಂತ ಜಾಸ್ತಿ ಆಯ್ತು.

ವಾಪಸ್ ತಳ್ಕೊಂಡು ಹೋಗಿ ಕೇಳಿದ್ರೆ ಅಲ್ಲಿ ಕೆಲಸ ಮಾಡೋ ಹುಡುಗ ನಗ್ತಾ ಹೇಳ್ತಾನೆ, "ಎರಡ್ಮೂರು ಸಲ ಪಂಪ್ ಮಾಡ್ರಿ ಹೆಗಡೇರೇ, ಬರ್ತದೆ. ಪ್ಯಾಡ್ ಹೊಸದಲ್ರಾ." ಪಂಪ್ ಮಾಡಿದೆ. ನಾಲ್ಕನೇ ಸಲಕ್ಕೆ ಗಟ್ಟಿಯಾಯ್ತು. ಅಂದ್ರೆ ಅವನಿಗೆ ಗೊತ್ತಿತ್ತು! ನನಗೂ ಗೊತ್ತಿತ್ತು ಅನ್ನೋದೇ ನಾಚಿಕೆ ವಿಷಯ, ಹತ್ತು ವರ್ಷದಿಂದ ಮನೆ ಗಾಡಿಗಳ ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೊಂಡು ಬಂದವನು. ಆದ್ರೆ ಬಿಲ್ ಕೈಗೆ ಬಂದ ಕೂಡ್ಲೆ ತಲೆ ಕೆಲಸ ಮಾಡೋದು ನಿಲ್ಲಿಸ್ತದೆ, ದುಡ್ಡು ಕೊಟ್ಟಿದ್ದೇನೆ ಅಂದ್ಮೇಲೆ ಸರಿ ಇರ್ಲೇಬೇಕು ಅಂತ.

ಆಗೋದು ಏನು ಅಂದ್ರೆ, ಡಿಸ್ಕನ್ನ ಎರಡೂ ಬದಿಯಿಂದ ಹಿಡಿಯೋ ಹಳೆ ಪ್ಯಾಡ್ ಸವೀತಾ ಹೋದ ಹಂಗೆ, ಪ್ಯಾಡನ್ನ ಒತ್ತೋ ಕ್ಯಾಲಿಪರ್ ಅನ್ನೋ ಭಾಗದ ಒಳಗಿನ ಪಿಸ್ಟನ್ ಸ್ವಲ್ಪಸ್ವಲ್ಪವೇ ಹೊರಗೆ ಬಂದು ಆ ಜಾಗ ತುಂಬ್ಕೊಳ್ತದೆ. ಹೊಸ ಪ್ಯಾಡ್ ದಪ್ಪ, ಅದನ್ನ ಕೂರಿಸಬೇಕು ಅಂದ್ರೆ ಪಿಸ್ಟನ್‌ನ ಒಳಗೆ ಒತ್ತಿ ಹಿಂದಕ್ಕೆ ಕಳಿಸ್ಲೇಬೇಕು. ಪ್ಯಾಡ್ ಕೂತ ಮೇಲೆ ಪಿಸ್ಟನ್‌ಗೂ ಪ್ಯಾಡಿಗೂ ಮಧ್ಯೆ ಗ್ಯಾಪ್ ಇರ್ತದೆ, ಲಿವರ್ ಒಂದು ಸಲ ಹಿಡಿದ್ರೆ ಹೋಗೋ ಬ್ರೇಕ್ ಆಯಿಲ್ ಆ ಗ್ಯಾಪ್ ತುಂಬಕ್ಕೆ ಸಾಕಾಗಲ್ಲ, ಮೂರ್ನಾಲ್ಕು ಸಲ ಒತ್ತಿದ ಮೇಲೇ ಪ್ಯಾಡ್ ಬಂದು ಡಿಸ್ಕಿಗೆ ತಾಗೋದು. ಇದು ತಪ್ಪಲ್ಲ, ಕೆಲಸ ಇರೋದೇ ಹಂಗೆ. ತಪ್ಪು ಅಂದ್ರೆ ಒತ್ತದೇ ಗಿರಾಕಿ ಕೈಗೆ ಕೊಟ್ಟಿದ್ದು. ಪಂಪ್ ಮಾಡಿದ ಮೇಲೂ ಸ್ಪಂಜಿನ ಹಂಗೆ ಮೆತ್ತಗೇ ಇದ್ರೆ ಅದು ಬೇರೆ ಕತೆ, ಲೈನ್ ಒಳಗೆ ಗಾಳಿ ಸೇರಿದೆ ಅಂತ ಅರ್ಥ, ಬ್ಲೀಡ್ ಮಾಡ್ಸದೆ, ಅಂದ್ರೆ ಆ ಗಾಳಿ ಹೊರಗೆ ತೆಗೆಸದೆ, ಗಾಡಿ ಅಲ್ಲಿಂದ ಕದಲಿಸಬಾರದು. ಒತ್ತಿ ಹಿಡ್ಕೊಂಡಾಗ ಲಿವರ್ ನಿಧಾನಕ್ಕೆ ಒಳಗೆ ಜಾರ್ತಾ ಹೋದ್ರೆ ಎಲ್ಲೋ ಸೋರ್ತಾ ಇದೆ, ಇಲ್ಲಾ ಲಿವರ್ ಹತ್ರ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ.

ನನಗೆ ಅವತ್ತು ರಾತ್ರಿ ತಲೆಲಿ ಕೊರೀತಾ ಇದ್ದಿದ್ದು ಇಷ್ಟೇ, ಸರ್ವಿಸ್‌ಗೆ ಬಿಡುವಾಗ ಪ್ಯಾಡ್ ಸವೆದಿತ್ತು ನಿಜ, ಆದ್ರೆ ಆ ಬ್ರೇಕ್ ನನಗೆ ಗೊತ್ತಿತ್ತು, ಎಷ್ಟು ಹಿಡಿದ್ರೆ ಎಲ್ಲಿ ನಿಲ್ತದೆ ಅಂತ ಕೈಗೆ ಅಭ್ಯಾಸ ಇತ್ತು. ಸರ್ವಿಸ್ ಆಗಿ ಬಂದ ಗಾಡಿ ಅಂದ್ರೆ ಯಾರೋ ಬಿಚ್ಚಿ ಜೋಡಿಸಿದ ಗಾಡಿ, ಬಿಚ್ಚಿದ್ದನ್ನ ಹೆಂಗೆ ಜೋಡಿಸಿದ್ದಾರೆ ಅಂತ ನೋಡಿದವರು ಯಾರೂ ಇಲ್ಲ. ಜಾಬ್ ಕಾರ್ಡಲ್ಲಿ 'ರೋಡ್ ಟೆಸ್ಟ್' ಅಂತ ಇದ್ದ ಕಡೆ ಚಂದಕ್ಕೆ ಟಿಕ್ ಹಾಕಿದ್ರು. ಬಿಡುವಾಗ ಬರೆದ ಕಿಲೋಮೀಟರ್ 28416, ಮೀಟರ್ ನೋಡಿದ್ರೆ ತಗೊಂಡಾಗಲೂ 28416. ಯಾವ ರೋಡು, ಯಾವ ಟೆಸ್ಟು! ಹಿಂದೆ ನಮ್ಮೂರ ಕಡೆ ಗ್ಯಾರೇಜಿನ ಅಣ್ಣ ಒಬ್ರು ಇದ್ರು, ಏನೇ ರಿಪೇರಿ ಮಾಡಿದ್ರೂ ತಾವೇ ಒಂದು ರೌಂಡ್ ಹೊಡ್ಕೊಂಡು ದಾರಿಲಿ ಚಾ ಕುಡ್ಕೊಂಡು ಬಂದೇ ಗಾಡಿ ಕೊಡೋರು. ಅವರು ಚಾ ಕುಡಿಯಕ್ಕೆ ಹೋಗ್ತಾರೆ ಅಂತ ನಾವು ತಮಾಷೆ ಮಾಡ್ತಿದ್ವಿ.

ಸರಿ, ಲಿವರ್ ಗಟ್ಟಿಯಾಯ್ತು, ಹೊರಟೆ. ನಮ್ಮ ಮನೆ ಬನವಾಸಿ ರಸ್ತೆ ಕಡೆ, ಹತ್ತು ಹನ್ನೆರಡು ಕಿಲೋಮೀಟರ್. ಮೊದಲನೇ ರೋಡ್ ಹಂಪಿಗೇ ಗೊತ್ತಾಯ್ತು, ಲಿವರ್ ಗಟ್ಟಿ ಇದೆ ಆದ್ರೆ ಗಾಡಿ ನಿಲ್ತಾ ಇಲ್ಲ, ಜಾರ್ಕೊಂಡು ಹೋಗ್ತದೆ. ಬದಿಗೆ ನಿಲ್ಲಿಸಿ ಮೊಬೈಲ್ ಲೈಟಲ್ಲಿ ನೋಡಿದ್ರೆ ಡಿಸ್ಕ್ ಮೇಲೆ ಬಣ್ಣಬಣ್ಣದ ಪೊರೆ, ಬೆರಳಿಗೆ ಜಿಡ್ಡು. ಮೂಗಿಗೆ ಹಿಡಿದ್ರೆ ಡೀಸೆಲ್ ವಾಸನೆ. ಇದು ನಮ್ಮಲ್ಲಿ ದೊಡ್ಡ ಕೆಟ್ಟ ಚಾಳಿ, ನೀರು ಹೊಡೆದು ತೊಳೆದ ಮೇಲೆ ಗಾಡಿ ಹೊಳೀಲಿ ಅಂತ ಕೆಳಗಿಂದ ಮೇಲಿನ ತನಕ ಡೀಸೆಲ್ಲೋ ಪಾಲಿಶ್ಶೋ ಸ್ಪ್ರೇ ಮಾಡ್ತಾರೆ, ಇಂಜಿನ್ನು, ಚೈನು, ಗಾಲಿ ಅಂತ ಏನೂ ಭೇದ ಇಲ್ಲ. ಹೊಳೀತದೆ, ಗಿರಾಕಿಗೆ ಖುಷಿ. ಕೆಲವರು ಕೇಳಿ ಹೊಡೆಸ್ಕೊಳ್ತಾರೆ ಕೂಡ. ಡಿಸ್ಕಿಗೆ ಎಣ್ಣೆ ಬಿದ್ರೆ ಪ್ಯಾಡ್ ಅದನ್ನ ಕುಡೀತದೆ, ಕುಡಿದ ಪ್ಯಾಡಿಗೆ ಆಮೇಲೆ ಹಿಡಿತ ಇರಲ್ಲ.

ಅದಕ್ಕೆ ನಾನೀಗ ಸರ್ವಿಸ್‌ಗೆ ಬಿಡುವಾಗಲೇ "ಡೀಸೆಲ್ ಹೊಡೀಬೇಡಿ, ನೀರು ಒರೆಸಿ ಕೊಟ್ರೆ ಸಾಕು" ಅಂತ ಜಾಬ್ ಕಾರ್ಡಲ್ಲಿ ಬರೆಸೋದು ಅಂತ ಮಾಡಿದ್ದೇನೆ. ಬಿದ್ದೇ ಬಿಟ್ರೆ ಬ್ರೇಕ್ ಕ್ಲೀನರ್ ಸ್ಪ್ರೇ ಸಿಗ್ತದೆ ಸ್ಪೇರ್ ಪಾರ್ಟ್ ಅಂಗಡಿಲಿ, ಇಲ್ಲಾಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಶುದ್ಧ ಬಟ್ಟೆಗೆ ಹಾಕಿ ಡಿಸ್ಕಿನ ಎರಡೂ ಬದಿ ಒರೆಸಬೇಕು, ಬಟ್ಟೆಗೆ ಕಪ್ಪು ಬರೋದು ನಿಲ್ಲೋ ತನಕ. ಸೀಮೆಎಣ್ಣೆ ಹಾಕಿ ಒರೆಸೋದು ಬೇಡ, ಅದೇ ಜಿಡ್ಡು ಉಳಿಸಿ ಹೋಗ್ತದೆ. ಪ್ಯಾಡಿಗೆ ಮೇಲ್ಮೇಲೆ ತಾಗಿದ್ರೆ ಬಿಚ್ಚಿ ಸ್ಯಾಂಡ್ ಪೇಪರಲ್ಲಿ ಲೈಟಾಗಿ ಉಜ್ಜಿ ನೋಡಬಹುದು, ಒಳಗೆ ಇಳಿದಿದ್ರೆ ದುಡ್ಡು ಹೋಯ್ತು ಅಂತ ಅನ್ಕೊಂಡು ಬೇರೆ ಹಾಕ್ಸೋದೇ. ನಂದು ಪುಣ್ಯಕ್ಕೆ ಮೇಲ್ಮೇಲೆ ಇತ್ತು. ಮನೆ ತನಕ ಇಪ್ಪತ್ತರ ಸ್ಪೀಡಲ್ಲಿ ಹೋಗಿ, ಬಚ್ಚಲು ಮನೆ ಹೊರಗಿನ ಬಲ್ಬ್ ಹಾಕಿ ಡಿಸ್ಕ್ ಒರೆಸ್ತಾ ಕೂತೆ. ಆಯಿ ಬಂದು "ಎಂತ ಆತೋ ತಮಾ, ಈಗಷ್ಟೇ ಸರಿ ಮಾಡ್ಸಿ ತಂದಿದ್ದಲ್ದಾ" ಅಂದ್ಲು. ಅದೇ ನಾನೂ ಕೇಳ್ತಾ ಇದ್ದಿದ್ದು.

ಒರೆಸಿದ ಮೇಲೆ ರಾತ್ರಿ ಊಟ ಆಗಿ ರಸ್ತೆ ಖಾಲಿ ಇದ್ದಾಗ ಹೊಸ ಪ್ಯಾಡ್ ಹದಕ್ಕೆ ತರಕ್ಕೆ ಹೋದೆ. ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯಲ್ಲ, ಹಳೆ ಡಿಸ್ಕಿನಲ್ಲಿ ಸಣ್ಣಸಣ್ಣ ಗೆರೆ ಬಿದ್ದಿರ್ತವೆ, ಪ್ಯಾಡಿನ ಮುಖ ಅದಕ್ಕೆ ಒಗ್ಗೋ ತನಕ ಅಲ್ಲಿಲ್ಲಿ ಮಾತ್ರ ತಾಗ್ತಿರ್ತದೆ. ನೆಟ್ಟಗಿರೋ ಸಪಾಟು ರಸ್ತೆಲಿ 50ಕ್ಕೆ ಹೋಗಿ, ಮಧ್ಯಮವಾಗಿ ಬ್ರೇಕ್ ಹಿಡಿದು 10ಕ್ಕೆ ಇಳಿಸೋದು, ಪೂರ್ತಿ ನಿಲ್ಲಿಸದೆ ಮತ್ತೆ ಎತ್ತೋದು, ನಡುವೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಕ್ಕೆ ಬಿಡೋದು. ಹಿಂಗೆ ಹತ್ತು ಹದಿನೈದು ಸಲ. ಆಮೇಲೂ ಒಂದು ಇನ್ನೂರು ಮುನ್ನೂರು ಕಿಲೋಮೀಟರ್ ತನಕ ಜೋರಾಗಿ ಹಿಡಿಯೋ ಪ್ರಸಂಗ ಬರದ ಹಂಗೆ ಗ್ಯಾಪ್ ಇಟ್ಕೊಂಡು ಓಡಿಸಬೇಕು. ಅನಿವಾರ್ಯ ಆದ್ರೆ ಹಿಡೀಲೇಬೇಕು, ಎದುರಿಗೆ ದನ ಬಂದ್ರೆ ಹದಕ್ಕೆ ಬಂದಿಲ್ಲ ಅಂತ ಬಿಡಕ್ಕಾಗಲ್ಲ. ನಮ್ಮ ಕಡೆ ತಪ್ಪು ಏನು ಮಾಡ್ತೇವೆ ಅಂದ್ರೆ ಘಟ್ಟ ಇಳಿಯೋದು ಇದೆ ಅಂತಲೇ ಹಿಂದಿನ ದಿನ ಪ್ಯಾಡ್ ಹಾಕ್ಸೋದು. ನಾನೂ ಅದನ್ನೇ ಮಾಡಿದ್ದೆ, ಭಾನುವಾರ ಕುಮಟೆಲಿ ಉಪನಯನ ಇತ್ತು.

ಭಾನುವಾರ ಬೆಳಿಗ್ಗೆ ದೇವಿಮನೆ ಘಟ್ಟದ ದಾರಿ. ಗಾಡಿ ಯಾಕೋ ಭಾರ ಅನ್ನಿಸ್ತಾ ಇತ್ತು, ಶನಿವಾರವೂ ಅನ್ನಿಸಿತ್ತು, ಚೈನ್ ಟೈಟ್ ಮಾಡಿದ್ದಕ್ಕೆ ಇರಬೇಕು ಅಂತ ಬಿಟ್ಟಿದ್ದೆ. ರಾಗಿಹೊಸಳ್ಳಿಲಿ ಚಾಕ್ಕೆ ನಿಲ್ಲಿಸಿದಾಗ ಏನೋ ಸುಟ್ಟ ವಾಸನೆ, ಹಿಂದಿನ ಗಾಲಿಯ ನಡುವಿನ ಹಬ್ ಹತ್ರ ಕೈ ತಗೊಂಡು ಹೋದ್ರೆ ದೋಸೆ ಕಾವಲಿ ಬಿಸಿ. ಘಟ್ಟ ಇಳಿಯೋದು ಇನ್ನೂ ಶುರುವೇ ಆಗಿಲ್ಲ! ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ ಮಾಡಿ ಗಾಲಿ ತಿರುಗಿಸಿದ್ರೆ ಅರ್ಧ ಸುತ್ತಿಗೆ ನಿಲ್ತದೆ.

ಇದು ಚೈನ್ ಕೆಲಸದ ಫಲ. ಚೈನ್ ಟೈಟ್ ಮಾಡೋದು ಅಂದ್ರೆ ಹಿಂದಿನ ಗಾಲಿನ ಹಿಂದಕ್ಕೆ ಎಳೆಯೋದು. ಗಾಲಿ ಜೊತೆ ಬ್ರೇಕಿನ ಪ್ಲೇಟೂ ಹಿಂದಕ್ಕೆ ಹೋಗ್ತದೆ, ಪೆಡಲ್ ಮಾತ್ರ ಇದ್ದಲ್ಲೇ ಇರ್ತದೆ, ಮಧ್ಯೆ ಇರೋ ರಾಡ್ ಉದ್ದ ಆಗಲ್ಲವಲ್ಲ, ಹಂಗಾಗಿ ಅದು ಎಳೆದು ಹಿಡ್ಕೊಂಡ ಹಂಗಾಗಿ ಹಬ್ ಒಳಗಿನ ಲೈನರ್, ಅಂದ್ರೆ ಹಿಂದಿನ ಬ್ರೇಕಿನ ಸವೆಯೋ ಪಟ್ಟಿ, ಡ್ರಮ್ಮಿಗೆ ಉಜ್ಜಕ್ಕೆ ಶುರು. ಚೈನ್ ಮುಟ್ಟಿದವರು ಹಿಂದಿನ ಬ್ರೇಕಿನ ನಟ್ಟನ್ನೂ ಮುಟ್ಟಲೇಬೇಕು. ಟೂಲ್ ಕಿಟ್ಟಿನ ಪಾನಾ ತೆಗೆದು ಅಡ್ಜಸ್ಟರ್ ನಟ್ ಎರಡು ಸುತ್ತು ಸಡಿಲ ಮಾಡಿದೆ, ಗಾಲಿ ಫ್ರೀ ಆಯ್ತು. ಪೆಡಲ್ ಎರಡು-ಮೂರು ಸೆಂಟಿಮೀಟರ್ ಕೆಳಗೆ ಹೋದ ಮೇಲೆ ಬ್ರೇಕ್ ಹಿಡಿಯಕ್ಕೆ ಶುರುವಾಗೋದು ಹೆಚ್ಚಿನ ಡ್ರಮ್ ಗಾಡಿಗಳಿಗೆ ಸರಿ ಇರ್ತದೆ, ನಿಮ್ಮ ಗಾಡಿದು ಎಷ್ಟು ಅಂತ ಮ್ಯಾನ್ಯುಯಲ್ಲಲ್ಲಿ ಇರ್ತದೆ. ಸಿಬಿಎಸ್ ಇರೋ 125 ಸಿಸಿ ಒಳಗಿನ ಗಾಡಿ ಆದ್ರೆ ಕಾಲಿನ ಬ್ರೇಕ್ ಮುಂದಿನದನ್ನೂ ಎಳೀತದೆ, ಅಲ್ಲಿ ಎರಡೂ ಹೊಂದಿಸಬೇಕು, ಒಂದೇ ನಟ್ ತಿರುಗಿಸಿ ಆಯ್ತು ಅನ್ನಂಗಿಲ್ಲ.

ಕೂತವನು ಕೂತ ಹಂಗೇ ಉಳಿದದ್ದನ್ನೂ ನೋಡಿದೆ. ಬ್ರೇಕ್ ಪ್ಲೇಟನ್ನ ಚಾಸಿಗೆ ಹಿಡಿದಿಡೋ ಪಟ್ಟಿ ಇರ್ತದಲ್ಲ, ಟಾರ್ಕ್ ಆರ್ಮ್ ಅಂತಾರೆ, ಅದರ ನಟ್ ಮತ್ತೆ ನಟ್ ಬಿಚ್ಚದ ಹಂಗೆ ತಡೆಯೋ ಸ್ಪ್ಲಿಟ್ ಪಿನ್. ನನ್ನ ಪ್ರಕಾರ ಇಡೀ ಗಾಡಿಲಿ ಅತೀ ಕಡಿಮೆ ಜನ ನೋಡೋದು ಅದನ್ನೇ. ಅದು ಬಿಚ್ಚಿ ಹೋದ್ರೆ ಬ್ರೇಕ್ ತುಳಿದಾಗ ಪ್ಲೇಟೇ ಗಾಲಿ ಜೊತೆ ತಿರುಗಿ ರಾಡ್ ಸುತ್ತಿಕೊಂಡು ಗಾಲಿ ಲಾಕ್ ಆಗ್ತದೆ. ನಂದರಲ್ಲಿ ಪಿನ್ ಇತ್ತು, ಸದ್ಯ. ಮುಂದೆ ಕ್ಯಾಲಿಪರಿನ ಎರಡು ಬೋಲ್ಟ್ ಗಟ್ಟಿ ಇತ್ತು. ಬ್ರೇಕ್ ಜೋರಾಗಿ ಹಿಡಿದಾಗ ಗಾಲಿ ಲಾಕ್ ಆಗದ ಹಂಗೆ ನೋಡ್ಕೊಳ್ಳೋ ಎಬಿಎಸ್‌ನ ಲೈಟ್ ಕೀ ಹಾಕಿದಾಗ ಹತ್ತಿ, ಗಾಡಿ ಸ್ವಲ್ಪ ಓಡಿದ ಕೂಡ್ಲೆ ಆರಿ ಹೋಗ್ತದೆ, ಅದೂ ಸರಿ. 2019ರ ಏಪ್ರಿಲ್ ನಂತರದ 125 ಸಿಸಿ ಮೇಲಿನ ಹೊಸ ಗಾಡಿ ಅಂದ್ರೆ ಎಬಿಎಸ್ ಇದ್ದೇ ಇರ್ತದೆ, ಆ ಲೈಟ್ ಆರದೇ ಇದ್ರೆ ಗಾಲಿ ಬಿಚ್ಚಿದಾಗ ಸೆನ್ಸರಿನ ವೈರ್ ಏನೋ ಆಗಿದೆ ಅಂತ ತಿಳ್ಕೋಬೇಕು. ಮಾಮೂಲಿ ಬ್ರೇಕ್ ಇರ್ತದೆ, ಎಬಿಎಸ್ ಇರಲ್ಲ.

ಘಟ್ಟದ ಲೆಕ್ಕ ಒಂದು ಹೇಳ್ತೇನೆ. ಶಿರಸಿ ಸಮುದ್ರಮಟ್ಟದಿಂದ ಹತ್ರತ್ರ 590 ಮೀಟರ್ ಎತ್ತರ, ಕುಮಟೆ ಕಡಲಿನ ಪಕ್ಕ. ಗಾಡಿ ಮತ್ತೆ ನಾನು ಸೇರಿ 210 ಕೆಜಿ ಅಂತ ಇಟ್ಕೊಳ್ಳಿ, ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆ ಆಗೋ ಶಕ್ತಿಲಿ ಮೂರು-ನಾಲ್ಕು ಲೀಟರ್ ತಣ್ಣೀರು ಕುದಿಸಬಹುದು. ಅದರಲ್ಲಿ ಗಾಳಿ ಒಂದಿಷ್ಟು ತಿಂತದೆ, ಇಂಜಿನ್ ಒಂದಿಷ್ಟು ಹಿಡೀತದೆ, ಉಳಿದಿದ್ದೆಲ್ಲ ಬ್ರೇಕಿನ ತಲೆ ಮೇಲೆ. ಪೆಟ್ರೋಲ್ ಉಳಿತದೆ ಅಂತ ನ್ಯೂಟ್ರಲ್ಲಲ್ಲಿ ಇಳಿಸೋರು ಇಂಜಿನ್ನಿನ ಪಾಲನ್ನೂ ಬ್ರೇಕಿಗೇ ಹೊರಿಸ್ತಾರೆ. ಡ್ರಮ್ಮು ಬಿಸಿಯಾದ್ರೆ ತುಳಿದಷ್ಟೂ ಹಿಡಿಯಲ್ಲ. ಡಿಸ್ಕಿಗೆ ಬೇರೆ ರೀತಿ ತೊಂದರೆ, ಬ್ರೇಕ್ ಆಯಿಲ್ ಕುದಿಯೋದು. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿ ತನಕ ಕುದಿಯಂಗಿಲ್ಲ, ಆದ್ರೆ ಅದಕ್ಕೆ ಗಾಳಿಲಿರೋ ತೇವ ಹೀರೋ ಗುಣ ಇದೆ, ಹಳೇದಾಗಿ ನೀರು ಸೇರಿದ ಆಯಿಲ್ಲಿಗೆ ಆ ಮಿತಿ 155ಕ್ಕೆ ಇಳೀತದೆ. ಡಾಟ್ 3 ಆದ್ರೆ 205 ಇದ್ದದ್ದು 140. ಆಯಿಲ್ ಕುದಿದ್ರೆ ಆವಿಯ ಗುಳ್ಳೆ ಆಗ್ತದೆ, ಗುಳ್ಳೆ ಒತ್ತಿದ್ರೆ ಕುಗ್ಗತದೆ, ಲಿವರ್ ಹಿಡಿಕೆಗೆ ಬಂದು ಕೂರ್ತದೆ, ನನಗೆ ಗೇಟಲ್ಲಿ ಆದ ಹಂಗೇ, ಆದ್ರೆ ತಿರುವಲ್ಲಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಗೋ ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸೋದಕ್ಕೆ ಜಿಪುಣತನ ಮಾಡಬಾರದು. ಹಿಡಿಕೆ ಹತ್ರ ಇರೋ ಬ್ರೇಕ್ ಆಯಿಲ್ ಡಬ್ಬಿಯ ಕಿಟಕಿಲಿ ನೋಡಿ, ಹೊಸದು ತಿಳಿ ಜೇನಿನ ಬಣ್ಣ ಇರ್ತದೆ, ಕಷಾಯದ ಬಣ್ಣಕ್ಕೆ ಬಂದ್ರೆ ಮುಗೀತು.

ಆಯಿಲ್ ಲೆವೆಲ್ ಕಡಿಮೆ ಕಂಡ ಕೂಡ್ಲೆ ತುಂಬಿಸೋದೂ ಬೇಡ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರ್ತದೆ, ಆ ಜಾಗಕ್ಕೆ ಆಯಿಲ್ ಹೋಗಿರ್ತದೆ, ಮೇಲೆ ಲೆವೆಲ್ ಇಳಿದು ಕಾಣ್ತದೆ. ಸೋರಿಕೆ ಇಲ್ಲ ಅಂದ್ರೆ ಅದು ಪ್ಯಾಡ್ ನೋಡು ಅಂತ ಗಾಡಿ ಹೇಳೋ ಮಾತು. ತುಂಬಿಸಿ ಇಟ್ರೆ ಮುಂದಿನ ಸಲ ಪ್ಯಾಡ್ ಹಾಕುವಾಗ ಪಿಸ್ಟನ್ ಒತ್ತಿದ್ದೇ ಮೇಲಿಂದ ಉಕ್ಕಿ ಟ್ಯಾಂಕ್ ಮೇಲೆ ಸುರೀತದೆ, ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಏಳ್ತದೆ. ಬಿದ್ರೆ ತಕ್ಷಣ ನೀರು ಸುರೀಬೇಕು, ಒರೆಸ್ತಾ ಕೂರೋದಲ್ಲ.

ನಿಧಾನಕ್ಕೆ ಎರಡು-ಮೂರನೇ ಗೇರಲ್ಲಿ ಇಳಿದು ದೇವಿಮನೆ ದೇವಸ್ಥಾನದ ಹತ್ರ ಕೈ ಮುಗಿದು ಹಬ್ ಮುಟ್ಟಿ ನೋಡಿ, ಕತಗಾಲದಲ್ಲಿ ಮತ್ತೊಂದು ಸಲ ಮುಟ್ಟಿ ನೋಡಿ, ಉಪನಯನದ ಮನೆಗೆ ಹೋಗೋ ಹೊತ್ತಿಗೆ ಪಾಯಸ ಬಡಿಸ್ತಾ ಇದ್ರು.

ಅಲ್ಲಿಗೆ ಕಾರವಾರದಿಂದ ಭಾವನೂ ಬಂದಿದ್ದ, ಅವನ ಗಾಡಿ ನೋಡ್ಬೇಕು ನೀವು. ಬೈತಖೋಲ ಬಂದರಿನ ಹತ್ರ ಕೆಲಸ, ಗಾಡಿ ದಿನವಿಡೀ ಉಪ್ಪು ಗಾಳಿಲಿ ನಿಂತಿರ್ತದೆ. ಊಟ ಆದ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಇಬ್ರೂ ಅದರ ಮುಂದೆ ಕೂತ್ವಿ. ಹೊರಗಿನ ಪ್ಯಾಡ್ ನೋಡಿದ್ರೆ ಅರ್ಧಕ್ಕೂ ಜಾಸ್ತಿ ಉಳಿದದೆ, "ಇನ್ನೂ ಆರು ತಿಂಗಳು ಓಡ್ತದಲೋ" ಅಂತಿದ್ದ. ಹಿಂದಿಂದ ಬಗ್ಗಿ ಲೈಟ್ ಬಿಟ್ಟು ಒಳಗಿನ ಪ್ಯಾಡ್ ನೋಡಿದ್ರೆ ಕಬ್ಬಿಣಕ್ಕೆ ಬಂದು ಮುಟ್ಟಿದೆ! ಕ್ಯಾಲಿಪರ್ ಅತ್ತಿತ್ತ ಜಾರೋ ಪಿನ್ನುಗಳು ತುಕ್ಕು ಹಿಡಿದು ಜಾಮ್ ಆಗಿ, ಪಿಸ್ಟನ್ ಕಡೆಯ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡಿದೆ. ಕರಾವಳಿ ಗಾಡಿಗಳಿಗೆ ಇದು ಮಾಮೂಲಿ. ಆ ಪಿನ್ನುಗಳನ್ನ ಸರ್ವಿಸ್‌ಗೊಮ್ಮೆ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಬೇಕು, ರಬ್ಬರ್ ಹರಿದಿದ್ರೆ ಬದಲಿಸಬೇಕು. ಅದು ಬಿಲ್ಲಲ್ಲಿ ಕಾಣದ ಕೆಲಸ, ಕೇಳಿ ಮಾಡಿಸ್ಕೋಬೇಕು. ಡಿಸ್ಕ್ ದಪ್ಪ ಎಷ್ಟಕ್ಕೆ ಇಳಿದ್ರೆ ಬದಲಿಸಬೇಕು ಅಂತ ಡಿಸ್ಕಿನ ಮೇಲೇ ಸಣ್ಣಕ್ಕೆ ಕೆತ್ತಿರ್ತಾರೆ, ಅವನದರಲ್ಲಿ ತುಕ್ಕಿನ ಒಳಗೆ ಹುಡುಕಿ ಓದಬೇಕಾಯ್ತು. ಬೆಳಿಗ್ಗೆ ಡಿಸ್ಕ್ ಮೇಲೆ ಕೆಂಪಗೆ ಕಾಣೋ ತುಕ್ಕಿಗೆ ಮಾತ್ರ ಹೆದರೋದು ಬೇಡ, ಎರಡು ಸಲ ಬ್ರೇಕ್ ಹಿಡಿದ್ರೆ ಹೋಗ್ತದೆ.

ಭಾವ ಆ ಗಾಡಿನ ಅಲ್ಲೇ ಬಿಟ್ಟು, ಯಾರದೋ ಸ್ಕೂಟರ್ ತಗೊಂಡು ನಮ್ಮ ಮನೆಗೆ ಅಂತ ನನ್ನ ಹಿಂದೇ ಹೊರಟ. ಸಂಜೆ ಘಟ್ಟ ಹತ್ತಿ ಮೇಲೆ ಬಂದು ನಿಲ್ಲಿಸಿ ನಾನು ಹಬ್ ಮುಟ್ಟಿ ನೋಡಿದ್ರೆ ಬೆಚ್ಚಗಿತ್ತು. ಸುಡೋ ಅಷ್ಟಲ್ಲ, ಆದ್ರೆ ಹತ್ತುವಾಗ ಬ್ರೇಕೇ ಬೇಡವಲ್ಲ, ಯಾಕೆ ಬೆಚ್ಚಗಿರಬೇಕು? ಸರ್ವಿಸ್‌ನವರಿಗೆ ಮತ್ತೆ ಒಂದು ಬೈಗುಳ ಬಾಯಿಗೆ ಬಂದಿತ್ತು. ಅಷ್ಟೊತ್ತಿಗೆ ಭಾವ ಹೆಲ್ಮೆಟ್ ತೆಗೀತಾ, "ಹೋಯ್, ಘಟ್ಟ ಹತ್ತಿ ಮುಗಿಯೋ ತನಕ ನಿನ್ನ ಬ್ರೇಕ್ ಲೈಟು ಹತ್ಕಂಡೇ ಇತ್ತಲೋ ಮಾರಾಯಾ" ಅಂದ.

ಸ್ವಿಚ್ ಹಾಳಾಗಿರಬೇಕು ಅಂತ ನೋಡಿದೆ. ಸ್ವಿಚ್ ಸರಿ ಇತ್ತು. ಗಾಡಿ ಮೇಲೆ ಕೂತೆ, ಮಾಮೂಲಿ ಕೂರೋ ಹಂಗೆ. ಬಲಗಾಲು ತನ್ನಷ್ಟಕ್ಕೆ ಹೋಗಿ ಪೆಡಲ್ ಮೇಲೆ ಕೂತ್ಕಂತು, ಹಿಂದೆ ಲೈಟ್ ಹತ್ತಿತು. ಎಷ್ಟು ವರ್ಷದಿಂದ ಹಿಂಗೆ ಓಡಿಸ್ತಾ ಇದ್ದೇನೋ, ಹಿಂದಿನ ಲೈನರ್ ಬೇಗ ಬೇಗ ಸವೀತದೆ ಅಂತ ಕಂಪನಿಗೆ ಬೈಕೊಂಡಿದ್ದು ಎಷ್ಟು ಸಲವೋ. ಬೆಳಿಗ್ಗೆ ರಾಗಿಹೊಸಳ್ಳಿಲಿ ಹಬ್ ಸುಟ್ಟಿದ್ದರಲ್ಲಿ ಚೈನಿಂದು ಎಷ್ಟು, ನನ್ನ ಕಾಲಿಂದು ಎಷ್ಟು ಅಂತ ಈಗ ಹೇಳಕ್ಕೆ ಬರಲ್ಲ.

ಅಲ್ಲಿಂದ ಮನೆ ತನಕ ಪಾದ ಹಿಂದಕ್ಕೆ ಎಳೆದು, ಫುಟ್‌ರೆಸ್ಟಿನ ಮೇಲೆ ಹೆಬ್ಬೆರಳಿನ ಬುಡ ಇಟ್ಕೊಂಡು ಬಂದೆ. ಮೊಣಕಾಲು ನೋಯ್ತಾ ಇತ್ತು. ಭಾವ ಹಿಂದಿಂದ ಲೈಟ್ ಹತ್ತಿದಾಗೆಲ್ಲ ಹಾರ್ನ್ ಹೊಡೀತಾ ಇದ್ದ, ಬನವಾಸಿ ರಸ್ತೆ ತಿರುಗೋ ತನಕ ಹನ್ನೊಂದು ಸಲ.